ಧಾರಾವಾಹಿ ನೋಡುವ ಮೊದಲು ಕಾದಂಬರಿ ಓದಿ ಮುಗಿಸುವ ಕ್ರಮ

ವೇಷವಿಲ್ಲದೆ ಮಾತಿನಲ್ಲೇ ಯಕ್ಷಗಾನದ ಕತೆ ನಡೆಸುವ ತಾಳಮದ್ದಳೆಗೆ ಕೂತ ಹಳೆಯ ಕೇಳುಗರಿಗೆ ಪ್ರಸಂಗ ಮೊದಲೇ ಗೊತ್ತಿರುತ್ತದೆ. ವಾಲಿ ಸಾಯುತ್ತಾನೋ ಇಲ್ಲವೋ ಎಂಬ ಆತುರ ಅವರಿಗಿಲ್ಲ. ಸಾಯುವ ಮೊದಲು ವಾಲಿಯಾಗಿ ಮಾತಾಡುವ ಇವತ್ತಿನ ಅರ್ಥಧಾರಿ ರಾಮನಲ್ಲಿ ಏನು ಕೇಳುತ್ತಾರೆ ಎಂಬುದಕ್ಕೆ ಅವರ ಕಿವಿ ತೆರೆದಿರುತ್ತದೆ. ಕಾದಂಬರಿ ಓದಿ ಧಾರಾವಾಹಿಗೆ ಕೂತವರಿಗೂ ಇದೇ ಲಾಭ. ಕತೆಯ ಆತಂಕ ಕಳೆದಿರುವುದರಿಂದ, ನಿರ್ದೇಶಕ ಯಾವುದನ್ನು ಹಿಡಿದ, ಯಾವುದನ್ನು ಬಿಟ್ಟ ಎಂದು ನೋಡಲು ಮನಸ್ಸಿಗೆ ಬಿಡುವಾಗುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನಟರ ಮುಖ ಒಮ್ಮೆ ಕಣ್ಣಲ್ಲಿ ಕೂತರೆ ಮತ್ತೆ ಪುಸ್ತಕ ಬಿಡಿಸಿದಾಗಲೂ ಅದೇ ಮುಖ ಎದುರಿಗೆ ಬರುತ್ತದೆ. ಓದಿ ಆಮೇಲೆ ನೋಡಿದರೆ ನಮ್ಮ ಚಿತ್ರವೂ ಉಳಿಯುತ್ತದೆ, ಅವರದ್ದೂ ಸಿಗುತ್ತದೆ. ಮೊದಲು ನೋಡಿದರೆ ನಮ್ಮದು ಹುಟ್ಟುವುದೇ ಇಲ್ಲ. ಜೊತೆಗೆ, ಕಾದಂಬರಿ ತೆರೆಗೆ ಬರುವಾಗ ಮೊದಲು ಬಿದ್ದುಹೋಗುವುದು ಕತೆ ಹೇಳುವವರ ದನಿ. ಆ ದನಿ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ಅದನ್ನು ಕಿವಿಗೆ ಹಾಕಿಕೊಂಡು ಟಿ.ವಿ. ಮುಂದೆ ಕೂರುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಉದಾಹರಣೆಗೆ ಮೂರು ಕೃತಿ ಸಾಕು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970), ಇದನ್ನು ಗಿರೀಶ ಕಾಸರವಳ್ಳಿ ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದರು. ಆರ್.ಕೆ. ನಾರಾಯಣರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ (1935), ಇದು ಶಂಕರ್ ನಾಗ್ ದೂರದರ್ಶನಕ್ಕೆ ಮಾಡಿದ ‘ಮಾಲ್ಗುಡಿ ಡೇಸ್’ ಸರಣಿಯಲ್ಲಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಓದುವವರಿಗಾಗಿ ಜೇನ್ ಆಸ್ಟಿನ್‌ರ ‘ಪ್ರೈಡ್ ಆ್ಯಂಡ್ ಪ್ರೆಜುಡೀಸ್’ (1813), ಇದನ್ನು ಬಿಬಿಸಿ 1995ರಲ್ಲಿ ಆರು ಕಂತುಗಳಲ್ಲಿ ತೋರಿಸಿತು. ಕತೆಯ ಕೊನೆಯನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಯಾವ ಪುಸ್ತಕ ಎಂದು ಮೊದಲು ಖಚಿತವಾಗಲಿ

ಧಾರಾವಾಹಿಯ ಹೆಸರು ನೋಡಿ ಪುಸ್ತಕ ತರಬೇಡಿ. ಆರಂಭದ ಶೀರ್ಷಿಕೆ ಪಟ್ಟಿಯನ್ನು ನಿಲ್ಲಿಸಿ ಓದಿ. ‘ಕಾದಂಬರಿ ಆಧಾರಿತ’ ಎಂದಿದ್ದರೆ ಪಾತ್ರ, ಘಟನೆ, ಕ್ರಮ ಬಹುಪಾಲು ಪುಸ್ತಕದ್ದೇ ಆಗಿರುತ್ತದೆ. ‘ಪ್ರೇರಿತ’ ಎಂದಿದ್ದರೆ ಎಳೆ ಮಾತ್ರ ತೆಗೆದುಕೊಂಡಿದ್ದಾರೆ ಎಂದು ತಿಳಿಯಿರಿ. ಆಗಲೂ ಓದುವುದು ಒಳ್ಳೆಯದೇ, ಆದರೆ ಸಾಲು ಸಾಲು ಹೋಲಿಸುವ ಕೆಲಸ ಬೇಡ.

ಮಾಲ್ಗುಡಿ ವಿಷಯದಲ್ಲಿ ತುಂಬ ಜನ ಎಡವುವುದು ಇಲ್ಲೇ. ಸರಣಿಯ ಹೆಸರಿನದ್ದೇ ಒಂದು ಕಥಾಸಂಕಲನ ಇದೆ. ಅದನ್ನು ಕೊಂಡು ತಂದರೆ ಅದರಲ್ಲಿ ಸ್ವಾಮಿಯ ಒಂದು ಸಣ್ಣ ಕತೆ ಸಿಗುತ್ತದೆಯೇ ಹೊರತು ಅವನ ಗೆಳೆಯರಾದ ಮಣಿ, ರಾಜಂ, ಅವರ ಕ್ರಿಕೆಟ್ ಕ್ಲಬ್ಬಿನ ಇಡೀ ಕತೆ ಇಲ್ಲ. ಅದು ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಎಂಬ ಬೇರೆ ಕಾದಂಬರಿ. ಅನಂತ್ ನಾಗ್ ಜಗನ್ನನಾಗಿ ಬರುವ ಕಂತುಗಳು ‘ದಿ ವೆಂಡರ್ ಆಫ್ ಸ್ವೀಟ್ಸ್’ (1967) ಎಂಬ ಇನ್ನೊಂದು ಕಾದಂಬರಿಯವು. ಹಾಗಾಗಿ ಒಂದೇ ಸರಣಿಗೆ ಮೂರು ಪುಸ್ತಕ ಬೇಕಾಗುತ್ತದೆ.

ಎರಡನೆಯ ತೊಡಕು ಸಂಕ್ಷಿಪ್ತ ಆವೃತ್ತಿ. ಶಾಲೆಯ ಮಕ್ಕಳಿಗಾಗಿ ಇಳಿಸಿದ ಪುಸ್ತಕಗಳ ಮುಖಪುಟ ಮೂಲದಂತೆಯೇ ಇರುತ್ತದೆ, ಒಳಗೆ ಕತೆಯ ಎಲುಬು ಮಾತ್ರ. ಅಧ್ಯಾಯ ಎಣಿಸಿ ನೋಡುವುದೇ ಸುಲಭದ ಪರೀಕ್ಷೆ. ‘ಪ್ರೈಡ್ ಆ್ಯಂಡ್ ಪ್ರೆಜುಡೀಸ್’ನಲ್ಲಿ 61 ಅಧ್ಯಾಯಗಳಿವೆ. ನಿಮ್ಮ ಪ್ರತಿಯಲ್ಲಿ ಇಪ್ಪತ್ತೋ ಮೂವತ್ತೋ ಇದ್ದರೆ ಅದು ಇಳಿಸಿದ್ದು. ಅನುವಾದವಾದರೆ ಅನುವಾದಕರ ಮಾತಿನಲ್ಲಿ ‘ಸಂಗ್ರಹಾನುವಾದ’ ಎಂಬ ಪದ ಇದೆಯೇ ಎಂದೂ ನೋಡಿ. ಸಂಕ್ಷಿಪ್ತ ಪ್ರತಿ ಓದಿ ಧಾರಾವಾಹಿ ನೋಡಿದರೆ, ಪುಸ್ತಕದಲ್ಲಿ ಇದ್ದ ದೃಶ್ಯವನ್ನೇ ನಿರ್ದೇಶಕ ಹೊಸದಾಗಿ ಸೇರಿಸಿದ ಎಂದು ತಪ್ಪು ತಿಳಿಯುತ್ತೇವೆ.

ಕಾಸರಗೋಡಿನಲ್ಲಿ ಪುಸ್ತಕ ಸಿಗುವುದೆಲ್ಲಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಮೊದಲು ಹತ್ತಿರದ ಗ್ರಂಥಾಲಯಕ್ಕೇ ಹೋಗಿ ವಿಚಾರಿಸಿ. ಕೇರಳದ ಊರೂರಿನ ಗ್ರಂಥಾಲಯಗಳ ಜಾಲ ಹಳೆಯದು, 1945ರಲ್ಲಿ ಪಿ.ಎನ್. ಪಣಿಕ್ಕರ್ ಕಟ್ಟಿದ ಗ್ರಂಥಶಾಲಾ ಸಂಘದಿಂದ ಬೆಳೆದು ಬಂದದ್ದು. ಕನ್ನಡ ಪುಸ್ತಕಗಳ ಹೆಸರು ರಿಜಿಸ್ಟರಿನಲ್ಲಿ ಮಲಯಾಳ ಲಿಪಿಯಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಆದ್ದರಿಂದ ಹೆಸರು ಹೇಳಿ ‘ಇಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿ, ಕನ್ನಡದ ಕಪಾಟನ್ನು ಕಣ್ಣಾರೆ ನೋಡಿ. ಸರಕಾರಿ ಕಾಲೇಜಿನ ಕನ್ನಡ ವಿಭಾಗಕ್ಕೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಅವರ ಮೂಲಕವೂ ಕೇಳಿಸಬಹುದು. ಕೊಳ್ಳುವುದಾದರೆ ಕಾಸರಗೋಡು ಪೇಟೆಯಿಂದ ಮಂಗಳೂರು ಐವತ್ತು ಕಿಲೋಮೀಟರು, ಬೆಳಗ್ಗಿನ ರೈಲಿಗೆ ಹೋದರೆ ಮಧ್ಯಾಹ್ನದೊಳಗೆ ವಾಪಸು. ಹೋಗುವ ಮೊದಲು ಅಂಗಡಿಗೆ ಫೋನು ಮಾಡಿ ಪ್ರತಿ ತೆಗೆದಿಡಲು ಹೇಳಿ, ಯಾಕೆಂದರೆ ಹಳೆಯ ಕಾದಂಬರಿಗಳು ಮುದ್ರಣದ ನಡುವೆ ತಿಂಗಳುಗಟ್ಟಲೆ ಸಿಗದಿರುವುದುಂಟು.

ಪುಸ್ತಕ ಕೈಗೆ ಬಂದ ಕೂಡಲೇ ಪುಟ ಪರೀಕ್ಷಿಸಿ. ನಮ್ಮ ಕಾದಂಬರಿಗಳು ಹೆಚ್ಚಾಗಿ ಡೆಮಿ ಆಕಾರದವು, ಹದಿನಾರು ಪುಟದ ಫಾರಂಗಳಾಗಿ ಅಚ್ಚಾಗಿ ಹೊಲಿಗೆಯಾಗುವಂಥವು. ತಪ್ಪಿದರೆ ಒಂದು ಪುಟ ತಪ್ಪುವುದಿಲ್ಲ, ಒಂದು ಫಾರಮ್ಮೇ ತಪ್ಪುತ್ತದೆ, ಇಲ್ಲವೇ ಒಂದೇ ಫಾರಂ ಎರಡು ಸಲ ಬಂದಿರುತ್ತದೆ. 16, 32, 48, 64 ಹೀಗೆ ಹದಿನಾರರ ಲೆಕ್ಕದಲ್ಲಿ ಮುಂದಿನ ಪುಟ ಸರಿಯಾಗಿ ಬರುತ್ತದೆಯೇ ನೋಡುತ್ತ ಹೋಗಿ. ಮುನ್ನುಡಿಯ ಪುಟಗಳನ್ನೂ ಸೇರಿಸಿ ಎಣಿಸಿದ್ದರೆ ಈ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ಆದರೆ ಅಂತರ ಹದಿನಾರೇ. ಹೊಸ ಪುಸ್ತಕವಾದರೆ ಆ ವಾರವೇ ಬದಲಿಸಿಕೊಳ್ಳಬಹುದು, ಮುನ್ನೂರನೇ ಪುಟಕ್ಕೆ ಬಂದಾಗ ಗೊತ್ತಾದರೆ ಓದು ಅಲ್ಲೇ ನಿಲ್ಲುತ್ತದೆ. ಗ್ರಂಥಾಲಯದ ಹಳೆಯ ಪ್ರತಿಯಾದರೆ ಕೊನೆಯ ಅಧ್ಯಾಯವೂ ಮೊದಲ ಎಂಟು ಪುಟವೂ ಇದೆಯೇ ಎಂದು ಕೌಂಟರಿನಲ್ಲೇ ನೋಡಿ. ಹರಿದುಹೋಗುವುದು ಆ ಎರಡು ತುದಿಗಳೇ.

ಮುನ್ನುಡಿ ಓದಬೇಡಿ. ಕನ್ನಡದ ಮುನ್ನುಡಿಕಾರರು ಕಾದಂಬರಿಯನ್ನು ವಿಮರ್ಶಿಸುತ್ತ ಕತೆಯ ಕೊನೆಯನ್ನೂ ಹೇಳಿಬಿಡುತ್ತಾರೆ. ಬೆನ್ನುಡಿಯದ್ದೂ ಇದೇ ಕತೆ. ಲೇಖಕರು ತಾವೇ ಬರೆದ ಒಂದೆರಡು ಪುಟದ ಮಾತಿದ್ದರೆ ಅದನ್ನಷ್ಟೇ ಓದಿ, ಉಳಿದದ್ದು ಕೊನೆಗೆ.

ಸಮಯದ ಲೆಕ್ಕ

ಓದಿನ ವೇಗವನ್ನು ಊಹಿಸಬೇಡಿ, ಅಳೆಯಿರಿ. ಮೊದಲ ಐದು ಪುಟ ಬಿಟ್ಟು ಮುಂದಿನ ಹತ್ತು ಪುಟಕ್ಕೆ ಗಡಿಯಾರ ಹಿಡಿಯಿರಿ. ಹತ್ತು ಪುಟಕ್ಕೆ 18 ನಿಮಿಷ ತಗಲಿತು ಎಂದಿಟ್ಟುಕೊಳ್ಳಿ. ನಾನೂರು ಪುಟಕ್ಕೆ 720 ನಿಮಿಷ, ಅಂದರೆ ಹನ್ನೆರಡು ಗಂಟೆ. ದಿನಕ್ಕೆ 40 ನಿಮಿಷ ಕೂತರೆ 18 ದಿನ. ಇದಕ್ಕೆ ಕಾಲು ಪಾಲು ಸೇರಿಸಿ 23 ದಿನ ಎಂದು ಬರೆದುಕೊಳ್ಳಿ, ನೆಂಟರು ಬರುವ ದಿನ, ಕರೆಂಟು ಹೋಗುವ ರಾತ್ರಿ ಎಲ್ಲ ಅದರೊಳಗೆ ಬರಬೇಕು. ಗ್ರಂಥಾಲಯದಲ್ಲಿ ಎರಡು ವಾರದ ಅವಧಿ ಇದ್ದರೆ ಈಗಲೇ ಗೊತ್ತಾಯಿತು, ಒಮ್ಮೆ ನವೀಕರಿಸಲೇಬೇಕು.

ನಮ್ಮ ಕಡೆ ಓದಿಗೆ ಕಾಲವೂ ಇದೆ. ದೀಪಾವಳಿಯಿಂದ ಪತ್ತನಾಜೆಯವರೆಗೆ (ಆಟ, ಕೋಲಗಳಿಗೆ ಆ ವರ್ಷಕ್ಕೆ ತೆರೆ ಬೀಳುವ ದಿನ) ಯಕ್ಷಗಾನದ ಆಟ, ದೈವಗಳ ಕೋಲ, ನೇಮ, ಜಾತ್ರೆ, ಮದುವೆ. ಜೊತೆಗೆ ಅಡಿಕೆ ಕೊಯ್ಲು, ಒಣಗಿಸುವ ಕೆಲಸ. ಆ ತಿಂಗಳುಗಳಲ್ಲಿ ದೊಡ್ಡ ಕಾದಂಬರಿ ಹಿಡಿದರೆ ನಡುವೆ ಹತ್ತು ದಿನ ತಪ್ಪುತ್ತದೆ, ಹತ್ತು ದಿನ ತಪ್ಪಿದರೆ ಪಾತ್ರಗಳ ಹೆಸರೇ ಮರೆಯುತ್ತದೆ. ಮೇ 24ರ ಹೊತ್ತಿಗೆ ಪತ್ತನಾಜೆ ಕಳೆದ ಮೇಲೆ ಸಂಜೆಗಳು ಖಾಲಿ. ಜೂನ್, ಜುಲೈಯಲ್ಲಿ ತೋಟಕ್ಕೆ ಮದ್ದು ಬಿಡುವ ಗಡಿಬಿಡಿ ಇರುತ್ತದೆ, ಆದರೆ ಅದು ಮಳೆ ಬಿಟ್ಟ ಹಗಲಿನ ಕೆಲಸ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು ಬಂತೆಂದರೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮಳೆಗಾಲದಲ್ಲಿ ಪುಸ್ತಕವನ್ನು ಗೋಡೆಗೆ ತಾಗಿಸಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ.

ಪುಟವನ್ನು ದಿನಕ್ಕಿಷ್ಟು ಎಂದು ಸಮನಾಗಿ ಹಂಚುವುದಕ್ಕಿಂತ ಕತೆ ತಾನಾಗಿ ಉಸಿರು ಬಿಡುವ ಜಾಗಗಳನ್ನು ಹುಡುಕುವುದು ಮೇಲು. ಹಳೆಯ ಕಾದಂಬರಿಗಳಲ್ಲಿ ಅಂಥ ಜಾಗಗಳನ್ನು ಮುದ್ರಣವೇ ತೋರಿಸಿಕೊಡುತ್ತದೆ. ‘ಪ್ರೈಡ್ ಆ್ಯಂಡ್ ಪ್ರೆಜುಡೀಸ್’ ಮೊದಲು ಮೂರು ಸಂಪುಟಗಳಾಗಿ ಬಂತು: 23, 19, 19 ಅಧ್ಯಾಯ. ಈಗಿನ ಪ್ರತಿಗಳಲ್ಲಿ ಒಂದರಿಂದ ಅರವತ್ತೊಂದರವರೆಗೆ ಸಾಲಾಗಿ ಅಂಕಿ ಹಾಕಿದ್ದರೂ, 23ರ ಕೊನೆಗೆ, 42ರ ಕೊನೆಗೆ ಒಂದು ಚೀಟಿ ಇಟ್ಟುಕೊಂಡರೆ ಅಲ್ಲಲ್ಲಿ ಎರಡು ದಿನ ನಿಲ್ಲಬಹುದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ವಾರವಾರ ಬಂದದ್ದು. ಹೀಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳಲ್ಲಿ ಪ್ರತಿ ಕಂತಿನ ಕೊನೆಗೆ ಓದುಗರನ್ನು ಮುಂದಿನ ವಾರಕ್ಕೆ ಕಾಯಿಸುವ ತಿರುವು ಸಿಗುವುದುಂಟು. ಟಿ.ವಿ. ಬರಹಗಾರರು ಮೊದಲು ಹುಡುಕುವುದು ಆ ತಿರುವುಗಳನ್ನೇ. ಅವುಗಳ ಹತ್ತಿರ ಸಣ್ಣ ಗೆರೆ ಎಳೆದಿಟ್ಟರೆ ಮುಂದೆ ಉಪಯೋಗವಿದೆ.

ಹೆಸರಿನ ಹಾಳೆ

ಅರ್ಧ ಹಾಳೆ ಸಾಕು. ಅದನ್ನು ಮಡಚಿ ಪುಸ್ತಕದೊಳಗೇ ಇಡಿ. ಮೇಲ್ಭಾಗದಲ್ಲಿ ಮನೆಗಳು, ಕೆಳಗೆ ಆ ಮನೆಯವರು. ‘ಗೃಹಭಂಗ’ಕ್ಕೆ ಹೀಗೆ ಮಾಡಬಹುದು: ಎಡಕ್ಕೆ ರಾಮಸಂದ್ರದ ಮನೆ, ಗಂಗಮ್ಮ, ಅವಳ ಮಕ್ಕಳು ಚೆನ್ನಿಗರಾಯ ಮತ್ತು ಅಪ್ಪಣ್ಣಯ್ಯ. ಬಲಕ್ಕೆ ಕಂಠೀಜೋಯಿಸರ ಮನೆ, ಅಕ್ಕಮ್ಮ, ಕಲ್ಲೇಶ, ನಂಜಮ್ಮ. ನಂಜಮ್ಮನ ಹೆಸರಿನಿಂದ ಚೆನ್ನಿಗರಾಯನ ಹೆಸರಿಗೆ ಒಂದು ಗೆರೆ. ಆಮೇಲೆ ಬರುವವರನ್ನು ಬಂದ ಹಾಗೆ ಸೇರಿಸಿ. ಐವತ್ತು ಪುಟದೊಳಗೆ ಇಷ್ಟು ಆಗಬೇಕು, ಯಾಕೆಂದರೆ ದೊಡ್ಡ ಕಾದಂಬರಿ ಶುರುವಿನಲ್ಲೇ ಕೈಬಿಟ್ಟುಹೋಗುವುದುಂಟು, ‘ಇವರು ಯಾರು’ ಎಂಬ ಗೊಂದಲದಲ್ಲಿ.

ಹಾಳೆಯ ಕೆಳಗೆ ಒಂದು ವರ್ಷದ ಗೆರೆ ಇರಲಿ. ಲೇಖಕ ತಾರೀಖು ಕೊಟ್ಟಲ್ಲೆಲ್ಲ ಅದನ್ನು ಗುರುತಿಸಿ. ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ನಲ್ಲಿ ಆಗಸ್ಟ್ 15ರಂದು ಮಾಲ್ಗುಡಿಯ ಸರಯೂ ನದಿಯ ತೀರದಲ್ಲಿ ಜನ ಸೇರುವ ಪ್ರಸಂಗ ಬರುತ್ತದೆ. ಸ್ವಾತಂತ್ರ್ಯದ ದಿನ ಎಂದು ಓದಿಬಿಟ್ಟರೆ ಕೆಟ್ಟಿತು, ಅದು 1930. ಪುಸ್ತಕ ಅಚ್ಚಾದದ್ದೇ 1935ರಲ್ಲಿ. ವಿದೇಶಿ ಬಟ್ಟೆ ಸುಡುವುದು, ಶಾಲೆಯ ಗಾಜು ಒಡೆಯುವುದು ಎಲ್ಲ ಆ ಕಾಲದ ಚಳವಳಿಗೆ ಸೇರಿದವು. ತೆರೆಯ ಮೇಲೆ ವರ್ಷ ಬರೆದು ತೋರಿಸದಿದ್ದರೆ ಮಕ್ಕಳಿಗೆ ಇದು ತಿಳಿಯುವುದೇ ಇಲ್ಲ.

ಘಟ್ಟದ ಮೇಲಿನ ಮಾತು, ನಮ್ಮ ಮಾತು

ಕಾಸರಗೋಡಿನ ಓದುಗರಿಗೆ ಬರುವ ನಿಜವಾದ ತಡೆ ಇಲ್ಲಿದೆ, ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ‘ಗೃಹಭಂಗ’ದ ನೆಲ ತಿಪಟೂರು, ಚನ್ನರಾಯಪಟ್ಟಣದ ಕಡೆಯದು, ಕಾಲ 1920ರ ದಶಕದಿಂದ 40ರ ದಶಕದವರೆಗೆ. ಆಗ ಅದು ಮೈಸೂರು ಸಂಸ್ಥಾನ. ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು, 1956ರ ನವೆಂಬರ್ 1ರ ತನಕ. ಹಾಗಾಗಿ ಆಡಳಿತದ ಮಾತೇ ಬೇರೆ. ಅಲ್ಲಿಯ ಅಮಲ್ದಾರ ನಮ್ಮ ತಹಶೀಲ್ದಾರ. ಅಲ್ಲಿಯ ಕಂದಾಯ ನಮ್ಮ ಹಿರಿಯರ ಬಾಯಲ್ಲಿ ತೀರ್ವೆ. ಶ್ಯಾನುಭೋಗಿಕೆ ಎಂದರೆ ಊರಿನ ಜಮೀನಿನ ಲೆಕ್ಕ ಬರೆಯುವ ವಂಶಪಾರಂಪರ್ಯದ ಕೆಲಸ, ಜಮಾಬಂದಿ ಎಂದರೆ ಆ ಲೆಕ್ಕದ ವಾರ್ಷಿಕ ತಪಾಸಣೆ. ಈ ನಾಲ್ಕು ಪದ ಮೊದಲೇ ಗೊತ್ತಿದ್ದರೆ ಕಾದಂಬರಿಯ ಅರ್ಧ ಜಗಳ ತಿಳಿಯುತ್ತದೆ, ಯಾಕೆಂದರೆ ಆ ಮನೆಯ ಅನ್ನ ನಿಂತಿರುವುದೇ ಆ ಲೆಕ್ಕದ ಮೇಲೆ.

ವಸ್ತುಗಳೂ ಹಾಗೆಯೇ. ನಂಜಮ್ಮ ಮುತ್ತುಗದ ಎಲೆ ಹಚ್ಚಿ ಮಾರುವುದು ಕತೆಯಲ್ಲಿ ಬರುತ್ತದೆ. ಬಾಳೆಲೆ, ಅಡಿಕೆ ಹಾಳೆ ಕಂಡ ನಮಗೆ ಅದರ ದುಡಿಮೆ ಎಷ್ಟೆಂದು ಹೊಳೆಯುವುದಿಲ್ಲ. ಬಾಳೆಲೆ ಕೊಯ್ದರೆ ಊಟಕ್ಕಾಯಿತು. ಮುತ್ತುಗದ ಎಲೆ ಅಂಗೈಯಗಲದ್ದು. ಕಾಡಿನಿಂದ ತಂದು, ಒಂದರ ಅಂಚಿನ ಮೇಲೆ ಇನ್ನೊಂದನ್ನು ಇಟ್ಟು, ಸಣ್ಣ ಕಡ್ಡಿ ಚುಚ್ಚಿ ಚುಚ್ಚಿ ದುಂಡಗೆ ಮಾಡಿದರೆ ಒಂದು ಎಲೆ. ಇಂಥ ನೂರು ಸೇರಿದರೆ ಒಂದು ಕಟ್ಟು. ಇದು ಗೊತ್ತಿದ್ದು ಓದಿದರೆ ಆ ಹೆಂಗಸಿನ ಒಂದು ದಿನ ಹೇಗಿತ್ತು ಎಂದು ಬೆರಳಿಗೇ ತಿಳಿಯುತ್ತದೆ. ಧಾರಾವಾಹಿಯಲ್ಲಿ ಮಾತು ಮುಂದೆ, ಕೆಲಸ ಹಿಂದೆ. ಪಾತ್ರಗಳು ಮಾತಾಡುವಾಗ ಕೈಯಲ್ಲಿ ಏನೋ ಎಲೆ ಇದ್ದ ಹಾಗೆ ಕಂಡು ಮಾಯವಾಗುತ್ತದೆ. ಓದುವಾಗ ಇಂಥ ವಸ್ತುಗಳನ್ನು ಹೆಸರಿನ ಹಾಳೆಯ ಹಿಂಬದಿಯಲ್ಲಿ ಬರೆದಿಡಿ: ವಸ್ತು ಏನು, ಯಾವುದರಿಂದ ಮಾಡಿದ್ದು, ಯಾರ ಕೈಯಲ್ಲಿ. ಐದಾರು ಸಾಕು.

ಪ್ಲೇಗಿನ ಭಾಗಕ್ಕೂ ಇಷ್ಟು ಹಿನ್ನೆಲೆ ಬೇಕು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಮತ್ತೆ ಮತ್ತೆ ದಶಕಗಳ ಕಾಲ ಮರುಕಳಿಸಿತು. ಮನೆಯಲ್ಲಿ ಇಲಿ ಸತ್ತುಬಿದ್ದರೆ ಅದೇ ಎಚ್ಚರಿಕೆ, ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ‘ಇಲಿ ಬಿತ್ತು’ ಎಂಬ ಎರಡು ಪದ ಓದಿ ಮುಂದೆ ಸಾಗಿಬಿಟ್ಟರೆ ಕಾದಂಬರಿಯ ದೊಡ್ಡ ನಡುಕವೊಂದು ತಪ್ಪಿಹೋಗುತ್ತದೆ.

ತಿಳಿಯದ ಪದ ಬಂದಾಗಲೆಲ್ಲ ನಿಘಂಟು ತೆರೆಯಬೇಡಿ. ಪೆನ್ಸಿಲಿನಿಂದ ಅಂಚಿನಲ್ಲಿ ಚುಕ್ಕೆ ಇಟ್ಟು ಅಧ್ಯಾಯ ಮುಗಿಸಿ (ಗ್ರಂಥಾಲಯದ ಪ್ರತಿಯಾದರೆ ಚೀಟಿಯಲ್ಲಿ ಪುಟ ಬರೆದುಕೊಳ್ಳಿ). ಅರ್ಧಕ್ಕರ್ಧ ಪದ ಮುಂದಿನ ಸಾಲುಗಳಲ್ಲೇ ತಿಳಿಯುತ್ತದೆ. ಉಳಿದದ್ದಕ್ಕೆ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಹಳೆಯ ಆಡುಮಾತಿಗೆ ಈಗಲೂ ಕೈಕೊಡುವುದಿಲ್ಲ.

ಸಂಭಾಷಣೆಯನ್ನು ಮಾತ್ರ ಗಟ್ಟಿಯಾಗಿ ಓದಿ. ಗಂಗಮ್ಮನ ಬೈಗುಳ ಕಣ್ಣಿಗೆ ಬರೀ ಒರಟು, ಬಾಯಲ್ಲಿ ಬಂದಾಗ ಅದಕ್ಕೊಂದು ಓಟ ಇದೆ. ಹವ್ಯಕವೋ ತುಳುವೋ ಮನೆಮಾತಾಗಿರುವವರಿಗೆ ಬಯಲುಸೀಮೆಯ ಈ ಓಟ ಹಿಡಿಯಲು ಎರಡು ಮೂರು ಅಧ್ಯಾಯ ಬೇಕಾಗುತ್ತದೆ, ಧೈರ್ಯಗೆಡಬೇಕಾಗಿಲ್ಲ. ಕುಟುಂಬವೆಲ್ಲ ಕೂತು ನೋಡುವ ಟಿ.ವಿ.ಗೆ ಬರುವಾಗ ಬೈಗುಳದ ಹರಿತ ತಗ್ಗುವುದು ಸಾಮಾನ್ಯ. ಮೂಲದ ಹರಿತ ನಿಮ್ಮ ಕಿವಿಯಲ್ಲಿ ಮೊದಲೇ ಇದ್ದರೆ ನಟರ ಮುಖಭಾವದಲ್ಲಿ ಅದು ಎಷ್ಟು ಉಳಿದಿದೆ ಎಂದು ನೋಡಬಹುದು.

ಕ್ಯಾಮೆರಾಕ್ಕೆ ಸಿಗದ ಪುಟಗಳು

ಓದುತ್ತ ಮೂರು ಬಗೆಯ ಭಾಗಗಳಿಗೆ ಗುರುತು ಹಾಕಿ. ಕತೆ ಹೇಳುವವರು ತಾವಾಗಿ ಮಾತಾಡುವ ಸಾಲು ಮೊದಲನೆಯದು. ಪಾತ್ರ ಒಂಟಿಯಾಗಿ ಯೋಚಿಸುವ ಭಾಗ ಎರಡನೆಯದು. ‘ಎರಡು ವರ್ಷ ಕಳೆಯಿತು’ ಎಂಬಂತೆ ಕಾಲವನ್ನು ಒಂದು ಪ್ಯಾರಾದಲ್ಲಿ ಮಡಚುವ ಜಾಗ ಮೂರನೆಯದು. ಈ ಮೂರಕ್ಕೂ ತೆರೆಯಲ್ಲಿ ನೇರ ದಾರಿ ಇಲ್ಲ. ನಿರ್ದೇಶಕ ಏನಾದರೂ ಉಪಾಯ ಮಾಡಲೇಬೇಕು.

ಆಸ್ಟಿನ್‌ರ ಕಾದಂಬರಿಯ ಮೊದಲ ವಾಕ್ಯ ನೋಡಿ. ಹಣವಂತ ಬ್ರಹ್ಮಚಾರಿಗೆ ಹೆಂಡತಿ ಬೇಕೇ ಬೇಕು ಎಂಬುದು ಲೋಕವೆಲ್ಲ ಒಪ್ಪಿದ ಸತ್ಯ ಎಂದು ಅದರ ತಾತ್ಪರ್ಯ. ಇದು ಯಾವ ಪಾತ್ರದ ಮಾತೂ ಅಲ್ಲ, ಹೇಳುವಾಕೆ ಊರಿನ ಅಮ್ಮಂದಿರನ್ನು ನೋಡಿ ನಗುತ್ತಿರುವ ದನಿ. 1995ರ ಸರಣಿ ಶುರುವಾಗುವುದು ಇಬ್ಬರು ಗಂಡಸರು ಕುದುರೆಯ ಮೇಲೆ ಕೂತು ಬಾಡಿಗೆ ಬಂಗಲೆಯನ್ನು ನೋಡುವುದರಿಂದ. ಆ ವಾಕ್ಯದ ಹುರುಳನ್ನು ಆಮೇಲೆ ನಾಯಕಿ ಎಲಿಜಬೆತ್ ಬಾಯಲ್ಲಿ ಹೇಳಿಸಿದ್ದಾರೆ. ಮಾತು ಅದೇ, ಆದರೆ ಈಗ ಅದು ಒಬ್ಬ ಚುರುಕು ಹುಡುಗಿಯ ಚಟಾಕಿ. ಪುಸ್ತಕದಲ್ಲಾದರೆ ಎಲಿಜಬೆತ್ ಕೂಡ ಆ ನಗುವಿನಿಂದ ಹೊರಗಿಲ್ಲ. ಬದಲಾವಣೆ ಎಂದರೆ ಹೀಗೆ, ಹುಡುಕಬೇಕಾದದ್ದು ಇಂಥದ್ದನ್ನು. ನಾಯಕ ಡಾರ್ಸಿ ಕೊಳಕ್ಕೆ ಹಾರುವ ದೃಶ್ಯ ಪುಸ್ತಕದಲ್ಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ.

ಅದೇ ಕಾದಂಬರಿಯ 35ನೇ ಅಧ್ಯಾಯ ಹೆಚ್ಚುಕಡಿಮೆ ಪೂರ್ತಿ ಒಂದು ಪತ್ರ. 36ನೇ ಅಧ್ಯಾಯದಲ್ಲಿ ಎಲಿಜಬೆತ್ ಅದನ್ನು ಮತ್ತೆ ಮತ್ತೆ ಓದುತ್ತ ತನ್ನ ಅಭಿಪ್ರಾಯವನ್ನು ಅಂಗುಲಂಗುಲವಾಗಿ ಬದಲಿಸಿಕೊಳ್ಳುತ್ತಾಳೆ. ಪತ್ರವನ್ನು ಡಾರ್ಸಿಯ ದನಿಯಲ್ಲಿ ಕೇಳಿಸಿ ಹಿಂದಿನ ಘಟನೆಗಳನ್ನು ತೋರಿಸಬಹುದು. ಮರು ಓದನ್ನು ತೋರಿಸುವುದು ಕಷ್ಟ. ಆದ್ದರಿಂದ 36ನ್ನು ನಿಧಾನವಾಗಿ, ಸಾಧ್ಯವಾದರೆ ಎರಡು ಸಲ ಓದಿ.

‘ಗೃಹಭಂಗ’ದಲ್ಲಿ ಗುರುತು ಮಾಡಬೇಕಾದ್ದು ಇನ್ನೊಂದು. ಭೈರಪ್ಪನವರು ದೊಡ್ಡ ಆಘಾತವನ್ನೂ ದನಿ ಏರಿಸದೆ, ಲೆಕ್ಕ ಬರೆದ ಹಾಗೆ ಬರೆಯುತ್ತಾರೆ. ಎದೆ ಹಿಂಡುವುದು ಆ ಸಪಾಟು ದನಿಯೇ. ಟಿ.ವಿ.ಯಲ್ಲಿ ಹಿನ್ನೆಲೆ ಸಂಗೀತ ಎಂಬುದೊಂದಿದೆ, ಅದು ಎಲ್ಲಿ ಏರುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂದು ಕೇಳಲು ಕಿವಿ ಸಿದ್ಧವಾಗಿರಲಿ.

ಗುರುತು ಹಾಕಿದ್ದರಲ್ಲಿ ಮೂರೇ ಮೂರು ಪ್ರಸಂಗ ಆರಿಸಿ, ಪ್ರತಿಯೊಂದಕ್ಕೂ ಐದಾರು ಸಾಲು ಬರೆಯಿರಿ: ಜಾಗ ಎಲ್ಲಿ, ಹೊತ್ತು ಯಾವುದು, ಮೊದಲು ಮಾತಾಡಿದವರು ಯಾರು, ಮಾತಿಲ್ಲದೆ ಏನು ನಡೆಯಿತು, ನಿಮ್ಮ ಕಣ್ಣಿಗೆ ಕಂಡ ಮುಖ ಹೇಗಿತ್ತು. ಇದನ್ನು ಧಾರಾವಾಹಿಯ ಒಂದು ಫೋಟೋ ಕೂಡ ನೋಡುವ ಮೊದಲು ಬರೆಯಬೇಕು. ಮೂರಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಪರೀಕ್ಷೆಯ ತಯಾರಿಯಾಗಿ ಓದಿನ ಸುಖ ಹೋಗುತ್ತದೆ.

ನಡುವೆ ಬೇಸರ ಬಂದರೆ ವರ್ಣನೆ ಹಾರಿಸುವ ಆಸೆಯಾಗುತ್ತದೆ. ಹಾರಿಸಬೇಡಿ. ತೆರೆಯಲ್ಲಿ ಐದು ಸೆಕೆಂಡಿನಲ್ಲಿ ಮುಗಿಯುವ ಗುಡ್ಡ, ಕೆರೆ, ಜಗಲಿ ನಿಮ್ಮ ಮನಸ್ಸಲ್ಲಿ ಕಟ್ಟಿಕೊಳ್ಳುವುದು ಆ ಪುಟಗಳಲ್ಲೇ. ಹಾರಿಸಲೇಬೇಕಿದ್ದರೆ ಪಾತ್ರಗಳು ಹಿಂದೆ ಆಡಿದ್ದನ್ನೇ ಮತ್ತೆ ಆಡುವ ಚರ್ಚೆಯನ್ನು ಹಾರಿಸಿ, ಪುಟದ ಅಂಕಿ ಬರೆದಿಡಿ, ಕೊನೆಗೆ ಬಂದು ಓದಿ.

ಓದಿಗೂ ನೋಟಕ್ಕೂ ನಡುವೆ

ಮುಗಿಸಿದ ರಾತ್ರಿಯೇ ಧಾರಾವಾಹಿ ಹಾಕಬೇಡಿ. ಆಗ ಸಾಲು ಸಾಲೂ ನೆನಪಿರುವುದರಿಂದ ಪ್ರತಿ ಮಾತಿಗೂ ‘ಹೀಗಲ್ಲ’ ಎನಿಸುತ್ತದೆ. ತಿಂ­ಗಳು ಕಳೆದರೆ ಅರ್ಧ ಮರೆತಿರುತ್ತದೆ. ಐದಾರು ದಿನದ ಅಂತರ ಸರಿಯಾಗಿ ಹೊಂದುತ್ತದೆ. ಬಿಟ್ಟಿದ್ದ ಮುನ್ನುಡಿಯನ್ನು ಆ ದಿನಗಳಲ್ಲಿ ಓದಿ.

ಧಾರಾವಾಹಿ ಈಗಾಗಲೇ ದಿನವೂ ಬರುತ್ತಿದ್ದರೆ? ಅರ್ಧ ಗಂಟೆಯ ಹೊತ್ತಿನಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ದೈನಿಕ ಧಾರಾವಾಹಿ ಒಂದು ಅಧ್ಯಾಯವನ್ನು ವಾರವಿಡೀ ಎಳೆಯಬಲ್ಲದು, ಹಾಗಾಗಿ ಓದುಗ ಸುಲಭವಾಗಿ ಮುಂದೆ ಹೋಗಬಹುದು. ಎರಡು ಅಧ್ಯಾಯ ಮುಂದಿರುವುದು ಸಾಲದು, ಕನಿಷ್ಠ ಮೂರನೇ ಒಂದು ಭಾಗ ಓದಿದ ಮೇಲೆ ನೋಡಲು ಶುರುಮಾಡಿ. ಆರು ಕಂತಿನ ಕಿರುಸರಣಿಯಾದರೆ ಹೀಗೆ ಜೊತೆಜೊತೆಗೆ ಸಾಗುವುದು ಆಗದ ಮಾತು. ಒಂದು ಗಂಟೆಯಲ್ಲಿ ಹತ್ತು ಅಧ್ಯಾಯ ಮುಗಿದಿರುತ್ತದೆ. ಪೂರ್ತಿ ಓದಿಯೇ ಕೂರಬೇಕು.

ನೋಡುವಾಗ

ಮೊದಲ ಎರಡು ಕಂತು ಪುಸ್ತಕವೂ ಬೇಡ, ಹಾಳೆಯೂ ಬೇಡ. ಹೊಸ ಮುಖಗಳಿಗೆ ಕಣ್ಣು ಹೊಂದಿಕೊಳ್ಳಲಿ. ಮೂರನೆಯದರಿಂದ ನಾಲ್ಕು ಸಂಗತಿ ಗಮನಿಸಿ: ಬಿಟ್ಟದ್ದು, ಇಬ್ಬರನ್ನು ಒಬ್ಬರಾಗಿಸಿದ್ದು, ಜಾಗ ಬದಲಿಸಿದ್ದು, ಸೇರಿಸಿದ್ದು. ಪ್ರತಿಯೊಂದಕ್ಕೂ ‘ಯಾಕೆ’ ಎಂದು ಕೇಳಿಕೊಳ್ಳಿ. ಉತ್ತರ ಹಲವು ಸಲ ಸಾಹಿತ್ಯದಲ್ಲಿರುವುದಿಲ್ಲ, ಚಿತ್ರೀಕರಣದ ಖರ್ಚಿನಲ್ಲಿರುತ್ತದೆ. ಜಾತ್ರೆಗೆ ನೂರು ಜನ ಬೇಕು, ಹಳೆಯ ಕಾಲದ ರೈಲು ಬೇಕು, ರಾತ್ರಿ ದೃಶ್ಯಕ್ಕೆ ದೀಪದ ವ್ಯವಸ್ಥೆ ಬೇಕು. ಆಗ ಜಾತ್ರೆಯ ಜಗಳ ಜಗಲಿಗೆ ಬರುತ್ತದೆ, ರಾತ್ರಿಯದ್ದು ಸಂಜೆಗೆ ಬರುತ್ತದೆ. ಮಗುವಿನ ಪಾತ್ರಕ್ಕೆ ವಯಸ್ಸಾಗುವಾಗ ನಟ ಬದಲಾಗಬೇಕು, ಅದನ್ನು ತಪ್ಪಿಸಲು ಎರಡು ವರ್ಷದ ಘಟನೆಗಳನ್ನು ಒಟ್ಟಿಗೆ ತರುತ್ತಾರೆ. ಜಾಹೀರಾತಿಗೆ ಮೊದಲು ಪ್ರತಿ ಸಲವೂ ಒಂದು ತಿರುವು ಬೇಕು. ಪುಸ್ತಕದಲ್ಲಿ ಅಷ್ಟು ತಿರುವು ಇಲ್ಲದಿದ್ದರೆ ಬಾಗಿಲು ಬಡಿದ ಸದ್ದು, ಅರ್ಧಕ್ಕೆ ನಿಂತ ಮಾತು ಹುಟ್ಟಿಕೊಳ್ಳುತ್ತವೆ. ಓದುವಾಗ ತಿರುವುಗಳಿಗೆ ಎಳೆದಿದ್ದ ಗೆರೆ ಈಗ ಕೆಲಸಕ್ಕೆ ಬರುತ್ತದೆ, ಮೂಲದ್ದು ಯಾವುದು ಅಂಟಿಸಿದ್ದು ಯಾವುದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಜಾಗದ ಬದಲಾವಣೆಗೆ ಮಾಲ್ಗುಡಿಗಿಂತ ಒಳ್ಳೆಯ ಪಾಠ ಇಲ್ಲ. ನಾರಾಯಣರ ಮಾಲ್ಗುಡಿ ರೈಲು ನಿಲ್ದಾಣ, ಮಾರ್ಕೆಟ್ ರೋಡ್, ಲಾಲಿ ಎಕ್ಸ್‌ಟೆನ್ಷನ್ ಇರುವ ಪೇಟೆ. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಕಟ್ಟಿದರು. ಘಟ್ಟದ ನೆತ್ತಿಯ ಸಣ್ಣ ಊರು, ಹೆಂಚಿನ ಮಾಡು, ಉದ್ದ ಜಗಲಿ, ಒದ್ದೆ ಹಸಿರು. ಪೇಟೆಯ ಗದ್ದಲ ಕಡಿಮೆಯಾಯಿತು, ಮನೆಯ ಆಪ್ತತೆ ಹೆಚ್ಚಾಯಿತು. ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು ಶೀರ್ಷಿಕೆಯಲ್ಲೇ ನಗುವ ದನಿಯನ್ನು ತಂದುಕೊಟ್ಟವು, ಪುಸ್ತಕದ ನಿರೂಪಕನ ಕೆಲಸವನ್ನು ಅಲ್ಲಿ ಚಿತ್ರಗಳು ಮಾಡುತ್ತವೆ. ಮೂಲಕ್ಕೆ ನಿಷ್ಠೆ ಎಂದರೆ ಜಾಗ, ಬಟ್ಟೆ ಹಾಗೆಯೇ ಇರುವುದು ಎಂದುಕೊಂಡವರು ಈ ಸರಣಿಯನ್ನು ಕಾದಂಬರಿಯ ಜೊತೆ ಇಟ್ಟು ನೋಡಬೇಕು.

ಮನೆಮಂದಿಯೆಲ್ಲ ಓದುವುದಾದರೆ

ನಮ್ಮ ಮನೆಗಳಲ್ಲಿ ಕಣ್ಣು ಮಂಜಾದ ಅಜ್ಜಿ ಒಬ್ಬರು, ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತ ಕನ್ನಡ ಅಕ್ಷರ ನಿಧಾನವಾಗಿ ಕೂಡಿಸಿ ಓದುವ ಮಕ್ಕಳಿಬ್ಬರು ಇರುವುದು ಸಾಮಾನ್ಯ. ರಾತ್ರಿ ಊಟಕ್ಕೆ ಮೊದಲು ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿ. ಗಟ್ಟಿ ಓದು ಮೌನ ಓದಿನ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಅಂದರೆ ಮೇಲಿನ ಲೆಕ್ಕದಲ್ಲಿ ಇಪ್ಪತ್ತು ನಿಮಿಷಕ್ಕೆ ಐದಾರು ಪುಟ. ಇಡೀ ಕಾದಂಬರಿ ಹೀಗೆ ಮುಗಿಯುವುದಿಲ್ಲ. ಸಂಭಾಷಣೆ ಹೆಚ್ಚಿರುವ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ, ನಡುವಿನದ್ದನ್ನು ಓದಿದವರು ಬಾಯಲ್ಲಿ ಹೇಳಿ. ಒಂದೊಂದು ಪಾತ್ರ ಒಬ್ಬೊಬ್ಬರಿಗೆ ಕೊಟ್ಟರೆ ಮಕ್ಕಳು ತಾವಾಗಿ ಪುಸ್ತಕಕ್ಕೆ ಕೈ ಹಾಕುತ್ತಾರೆ. ಮಾಲ್ಗುಡಿಯನ್ನು ಮಕ್ಕಳು ಇಂಗ್ಲಿಷಿನಲ್ಲಿ, ಹಿರಿಯರು ಕನ್ನಡ ಅನುವಾದದಲ್ಲಿ ಓದಿ ಒಟ್ಟಿಗೆ ನೋಡಲೂ ಬರುತ್ತದೆ. ಹಳೆಯ ಪದಗಳ ವಿಷಯದಲ್ಲಿ ಅಜ್ಜಿಯಂದಿರನ್ನೇ ಕೇಳಿ, ತೀರ್ವೆ, ಪಟೇಲಿಕೆ, ಪ್ಲೇಗು, ಕಾಲರಾ ಇವೆಲ್ಲ ಅವರು ಹಿರಿಯರಿಂದ ಕೇಳಿದ ಮಾತುಗಳು.

ಸರಣಿ ಮುಗಿದ ಮೇಲೆ ಬರೆದಿಟ್ಟ ಮೂರು ಪ್ರಸಂಗಗಳನ್ನು ತೆಗೆದು ನೋಡಿ. ನಿಮ್ಮ ಮುಖ ಇನ್ನೂ ಕಾಣುತ್ತದೆಯೋ, ನಟರದ್ದು ಅದರ ಮೇಲೆ ಕೂತಿದೆಯೋ? ಕೂತಿದ್ದರೆ ಪುಸ್ತಕದ ಆ ಅಧ್ಯಾಯವನ್ನಷ್ಟೇ ಮತ್ತೊಮ್ಮೆ ಗಟ್ಟಿಯಾಗಿ ಓದಿ. ಆಮೇಲೆ ಧಾರಾವಾಹಿ ಪೂರ್ತಿ ಬಿಟ್ಟುಬಿಟ್ಟ ಅಧ್ಯಾಯಗಳಿಗೆ ಹೋಗಿ. ಅಲ್ಲಿ ಹೋಲಿಸಲು ಏನೂ ಇಲ್ಲದಿರುವುದರಿಂದ ಓದು ಸರಾಗವಾಗಿ ಸಾಗುತ್ತದೆ, ಮೊದಲ ಓದಿನಲ್ಲಿ ಅವಸರದಲ್ಲಿ ದಾಟಿದ ಪಾತ್ರಗಳು ಹೆಚ್ಚಾಗಿ ಆ ಅಧ್ಯಾಯಗಳಲ್ಲೇ ಇರುತ್ತವೆ. ಪುಸ್ತಕವನ್ನು ಗ್ರಂಥಾಲಯಕ್ಕೆ ಮರಳಿಸುವುದು ಇಷ್ಟೆಲ್ಲ ಆದ ಮೇಲೆ, ಅದಕ್ಕಾಗಿ ಕೊನೆಯ ನವೀಕರಣದ ತಾರೀಖನ್ನು ಸರಣಿ ಮುಗಿಯುವ ದಿನದಿಂದ ಒಂದು ವಾರ ಮುಂದಕ್ಕೆ ಬರುವಂತೆ ಇಟ್ಟುಕೊಳ್ಳಿ.